ಬಿಸಿಲು ಪುಕ್ಕಟೆ, ಆದರೂ ಬಿಲ್ ಏರುವುದೇಕೆ?

ಪ್ರಶ್ನೆ: ಸೌರ ವಿದ್ಯುತ್ತೇ ಈಗ ಜಗತ್ತಿನಲ್ಲಿ ಅತಿ ಅಗ್ಗ ಎಂದು ಓದುತ್ತಿರುತ್ತೇನೆ. ಹಾಗಿದ್ದರೆ ಎಷ್ಟೋ ದೇಶಗಳಲ್ಲಿ ಕರೆಂಟ್ ಬಿಲ್ ಏರುತ್ತಲೇ ಇರುವುದೇಕೆ? ನನ್ನ ಸ್ನೇಹಿತರೊಬ್ಬರ ಪ್ರಕಾರ, ಅವಸರವಸರವಾಗಿ ಗಾಳಿ-ಬಿಸಿಲನ್ನು ನಂಬಿದ್ದೇ 2022ರ ಇಂಧನ ಬಿಕ್ಕಟ್ಟಿಗೆ ಕಾರಣ. 2025ರಲ್ಲಿ ಸ್ಪೇನ್ ಪೂರ್ತಿ ಕತ್ತಲಾದದ್ದೂ ಸೌರ ವಿದ್ಯುತ್ತಿನಿಂದಲೇ ಅನ್ನುತ್ತಾರೆ. ಒಂದು ಫಲಕ ತಯಾರಿಸಲು ಹಿಡಿಯುವಷ್ಟು ಶಕ್ತಿಯನ್ನು ಅದು ಆಯಸ್ಸಿಡೀ ದುಡಿದರೂ ಹಿಂದಿರುಗಿಸುವುದಿಲ್ಲವಂತೆ. ನನ್ನ ಮಗಳದು ಇದಕ್ಕೆ ತದ್ವಿರುದ್ಧ ಮಾತು: ಮನಸ್ಸು ಮಾಡಿದರೆ ಐದೇ ವರ್ಷದಲ್ಲಿ ಕಲ್ಲಿದ್ದಲು, ತೈಲ ಎಲ್ಲವನ್ನೂ ಬಿಟ್ಟುಬಿಡಬಹುದು ಅನ್ನುತ್ತಾಳೆ. ಮನೆಯ ಮೇಲೆ ಫಲಕ ಹಾಕಿಸಲೆಂದು ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ಯಾರ ಮಾತು ನಂಬಲಿ? ಈಗಲೇ ಹಾಕಿಸಲೋ, ಬ್ಯಾಟರಿ ಇನ್ನಷ್ಟು ಅಗ್ಗವಾಗಲೆಂದು ಕಾಯಲೋ?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ, ಆದರೆ ಅವುಗಳ ಹಿಂದಿನ ಅಂಜಿಕೆ ಒಂದೇ: ಹೊಸದನ್ನು ನಂಬಿ ಹಣ ಹಾಕಿದ ಮೇಲೆ ಕರೆಂಟೇ ಕೈಕೊಟ್ಟರೆ ಏನು ಗತಿ? ಅಂಜಿಕೆಗೆ ಕಾರಣವಿದೆ. ನಾನು ವೃತ್ತಿಯ ಬಹುಭಾಗವನ್ನು ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಕಳೆದವನು. ಅಲ್ಲಿ ಸೌರ ಮೇಲೋ ಕಲ್ಲಿದ್ದಲು ಮೇಲೋ ಎಂಬ ವಾದ ನಡೆಯುವುದಿಲ್ಲ. ಸಂಜೆ ಏಳಕ್ಕೆ ಎಷ್ಟು ಮೆಗಾವಾಟ್ ಬೇಕು, ಅದು ಎಲ್ಲಿಂದ ಬರುತ್ತದೆ, ಬಾರದಿದ್ದರೆ ಬದಲಿ ಏನಿದೆ ಎಂಬುದೇ ದಿನನಿತ್ಯದ ಮಾತು. ನಿಮ್ಮ ಸ್ನೇಹಿತರ ವಾದವನ್ನೂ ಮಗಳ ವಾದವನ್ನೂ ಹಾಗೇ ಗಂಟೆ ನೋಡಿ ಅಳೆದರೆ ಎಷ್ಟೋ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಮೊದಲು 2022ರ ಬಿಕ್ಕಟ್ಟು. ಅದು ಶುರುವಾದದ್ದು 2021ರಲ್ಲೇ. ಕೋವಿಡ್ ನಿರ್ಬಂಧಗಳು ಸಡಿಲವಾಗಿ ಕಾರ್ಖಾನೆಗಳು ಒಟ್ಟಿಗೆ ಚಾಲೂ ಆದಾಗ ನೈಸರ್ಗಿಕ ಅನಿಲಕ್ಕೆ ಎಲ್ಲೆಡೆ ಬೇಡಿಕೆ ಏರಿತು. ಯುರೋಪಿನ ಅನಿಲ ಸಂಗ್ರಹಾಗಾರಗಳು ಆ ವರ್ಷ ಚಳಿಗಾಲದ ಹೊತ್ತಿಗೆ ಸಾಕಷ್ಟು ತುಂಬಿರಲಿಲ್ಲ. ಯುರೋಪಿಯನ್ ಒಕ್ಕೂಟ ಹೊರಗಿನಿಂದ ಕೊಳ್ಳುತ್ತಿದ್ದ ಅನಿಲದಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ರಷ್ಯಾ ಒಂದರಿಂದಲೇ ಬರುತ್ತಿತ್ತು. 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ದಾಳಿಯಾದ ಮೇಲೆ ಆ ಹರಿವು ಹಂತಹಂತವಾಗಿ ಬತ್ತಿತು. ಮೆಗಾವಾಟ್-ಗಂಟೆಗೆ, ಅಂದರೆ ಸಾವಿರ ಯೂನಿಟ್ಟಿನಷ್ಟು ಶಕ್ತಿಗೆ, 20 ಯೂರೊ ಆಸುಪಾಸಿನಲ್ಲಿದ್ದ ಅನಿಲದ ದರ ಆಗಸ್ಟ್‌ನಲ್ಲಿ 300 ಯೂರೊ ದಾಟಿತು.

ಅದೇ ವರ್ಷ ಇನ್ನೆರಡು ಪೆಟ್ಟು ಬಿದ್ದವು. ಫ್ರಾನ್ಸಿನ 56 ಪರಮಾಣು ರಿಯಾಕ್ಟರುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಕೊಳವೆಗಳಲ್ಲಿ ಬಿರುಕು ಕಂಡಿದ್ದರಿಂದಲೂ ಮುಂದೂಡಿದ್ದ ದುರಸ್ತಿಗಳಿಂದಲೂ ನಿಂತಿದ್ದವು. ಬರಗಾಲದಿಂದ ಜಲವಿದ್ಯುತ್ ಕುಸಿಯಿತು. ರೈನ್ ನದಿಯಲ್ಲಿ ನೀರು ಎಷ್ಟು ಇಳಿಯಿತೆಂದರೆ ಕಲ್ಲಿದ್ದಲಿನ ದೋಣಿಗಳು ಪೂರ್ತಿ ಹೊರೆ ಹೊತ್ತು ಸಾಗಲಾಗಲಿಲ್ಲ. ಅಂದರೆ ಆ ವರ್ಷ ಕೈಕೊಟ್ಟದ್ದು ಅನಿಲ, ಪರಮಾಣು, ನೀರು. ಗಾಳಿ, ಬಿಸಿಲು ಇರದೇ ಹೋಗಿದ್ದರೆ ಅನಿಲ ಇನ್ನೂ ಹೆಚ್ಚು ಬೇಕಾಗುತ್ತಿತ್ತು. ಸ್ನೇಹಿತರ ಮಾತಿನಲ್ಲೂ ಒಂದು ನಿಜವಿದೆ. 2021ರಲ್ಲಿ ಉತ್ತರ ಯುರೋಪಿನಲ್ಲಿ ಗಾಳಿ ಮಾಮೂಲಿಗಿಂತ ಕಡಿಮೆ ಬೀಸಿ ಆ ಕೊರತೆಯನ್ನೂ ಅನಿಲವೇ ತುಂಬಬೇಕಾಯಿತು. ಹಳೆಯ ಸ್ಥಾವರ ಮುಚ್ಚುವ ಮುನ್ನ, ಗಾಳಿ ನಿಂತ ವಾರಕ್ಕೆ ಏನು ಗತಿ ಎಂಬ ಲೆಕ್ಕವನ್ನು ಹಲವು ಸರ್ಕಾರಗಳು ಮಾಡಲಿಲ್ಲ. ಜರ್ಮನಿ ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು 2023ರ ಏಪ್ರಿಲ್ 15ರಂದು ನಿಲ್ಲಿಸಿತು. ಕಲ್ಲಿದ್ದಲು ಇನ್ನೂ ಉರಿಯುತ್ತಿರುವಾಗ ಚೆನ್ನಾಗಿ ನಡೆಯುತ್ತಿದ್ದ ರಿಯಾಕ್ಟರುಗಳನ್ನು ಮೊದಲು ಮುಚ್ಚಿದ್ದು ಹಿಂದುಮುಂದಾದ ಕ್ರಮ ಎಂದೇ ನನ್ನ ಅಭಿಪ್ರಾಯ.

ಈ ಬಿಕ್ಕಟ್ಟಿನಲ್ಲಿ ಅತಿ ಹೆಚ್ಚು ನೋವುಂಡವರು ಯುರೋಪಿನವರಲ್ಲ. ಹಡಗಿನಲ್ಲಿ ಬರುವ ದ್ರವೀಕೃತ ಅನಿಲಕ್ಕೆ ಯುರೋಪು ಕೇಳಿದಷ್ಟು ಬೆಲೆ ಕೊಡಲು ನಿಂತಾಗ, ಪಾಕಿಸ್ತಾನ ಕರೆದ ಟೆಂಡರಿಗೆ ಒಬ್ಬ ಮಾರಾಟಗಾರನೂ ಬರಲಿಲ್ಲ. ಬಾಂಗ್ಲಾದೇಶ ಮುಕ್ತ ಮಾರುಕಟ್ಟೆಯ ಖರೀದಿ ನಿಲ್ಲಿಸಿ ಸರದಿಯ ಮೇಲೆ ಕರೆಂಟ್ ತೆಗೆಯಬೇಕಾಯಿತು. ಉಕ್ರೇನ್ ಯುದ್ಧಕ್ಕೆ ಸಂಬಂಧವೇ ಇಲ್ಲದ ಕೋಟ್ಯಂತರ ಜನ ಸೆಕೆಯಲ್ಲಿ ಫ್ಯಾನಿಲ್ಲದೆ ಕೂತರು. ಇಂಧನವನ್ನು ನಿತ್ಯ ಹೊರಗಿನಿಂದ ಕೊಳ್ಳುವ ವ್ಯವಸ್ಥೆಯಲ್ಲಿ ಬಡವನ ಸರದಿ ಯಾವಾಗಲೂ ಕೊನೆಯದು. 1973ರ ತೈಲ ಬಿಕ್ಕಟ್ಟಿನಲ್ಲೂ ಹೀಗೇ ಆಗಿತ್ತು; ಫ್ರಾನ್ಸ್ ಪರಮಾಣುವಿನತ್ತ, ಡೆನ್ಮಾರ್ಕ್ ಗಾಳಿಯತ್ತ ಹೊರಳಿದ್ದು ಆ ಪೆಟ್ಟಿನ ನಂತರವೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಅಗ್ಗವಾದರೂ ಬಿಲ್ ಏಕೆ ಏರುತ್ತದೆ? ದೊಡ್ಡ ಸೌರ ಸ್ಥಾವರದಲ್ಲಿ ಒಂದು ಯೂನಿಟ್ ಉತ್ಪಾದಿಸುವ ಖರ್ಚು 2010ರಿಂದೀಚೆಗೆ ಸುಮಾರು ಶೇ. 90ರಷ್ಟು ಇಳಿದಿರುವುದು ನಿಜ. ಆದರೆ ಅದು ಸ್ಥಾವರದ ಗೇಟಿನಲ್ಲಿ ಸಿಗುವ ದರ, ಅದೂ ಬಿಸಿಲಿದ್ದಾಗ. ನಿಮಗೆ ಬೇಕಾದದ್ದು ನಿಮ್ಮ ಮನೆಯಲ್ಲಿ, ನೀವು ಸ್ವಿಚ್ ಒತ್ತಿದ ಕ್ಷಣದಲ್ಲಿ. ಈ ಎರಡರ ನಡುವೆ ತಂತಿ, ಟ್ರಾನ್ಸ್‌ಫಾರ್ಮರ್, ಮೀಸಲು ಸ್ಥಾವರ, ಸಾಲದ ಬಡ್ಡಿ, ತೆರಿಗೆ ಎಲ್ಲವೂ ಇವೆ. ಹಲವು ದೇಶಗಳಲ್ಲಿ ಬಿಲ್ಲಿನ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಭಾಗ ಉತ್ಪಾದನೆಗೆ ಸೇರಿದ್ದೇ ಅಲ್ಲ.

ಉತ್ಪಾದನೆಯ ಭಾಗದಲ್ಲೂ ಒಂದು ತಿರುವಿದೆ. ವಿದ್ಯುತ್ ಮಾರುಕಟ್ಟೆ ಇರುವ ಹೆಚ್ಚಿನ ದೇಶಗಳಲ್ಲಿ, ಆಯಾ ಹೊತ್ತಿನ ಬೇಡಿಕೆ ಪೂರೈಸಲು ಕೊನೆಯದಾಗಿ ಕರೆದ ಅತಿ ದುಬಾರಿ ಸ್ಥಾವರದ ದರವೇ ಎಲ್ಲರಿಗೂ ಸಿಗುವ ದರ. ನೂರರಲ್ಲಿ ತೊಂಬತ್ತು ಪಾಲು ಗಾಳಿ-ಬಿಸಿಲಿನಿಂದ ಬಂದರೂ ಉಳಿದ ಹತ್ತಕ್ಕೆ ಅನಿಲ ಉರಿಸಬೇಕಾದರೆ ಆ ಹೊತ್ತಿನ ಬೆಲೆ ಅನಿಲದ್ದೇ. 2022ರಲ್ಲಿ ಅನಿಲವನ್ನೇ ಬಳಸದ ಮನೆಗಳಿಗೂ ಬಿಸಿ ತಟ್ಟಿದ್ದು ಈ ದಾರಿಯಲ್ಲಿ. ಈ ಪದ್ಧತಿ ಅನ್ಯಾಯದಂತೆ ಕಂಡರೂ ಅದಕ್ಕೊಂದು ತರ್ಕವಿದೆ: ಅಗ್ಗದ ಸ್ಥಾವರ ಮೊದಲು ಓಡುತ್ತದೆ, ದುಬಾರಿಯದು ಕೊನೆಗೆ. ಅನಿಲವೇ ಕರೆಂಟಿನ ದರ ನಿಗದಿ ಮಾಡುವ ಗಂಟೆಗಳು ಕಡಿಮೆಯಾಗುತ್ತ ಹೋದಂತೆ ಮಾತ್ರ ಬಿಲ್ಲಿನಲ್ಲಿ ಗೊತ್ತಾಗುವಷ್ಟು ಇಳಿಕೆ ಬರುತ್ತದೆ.

ಗಂಟೆಯ ಮಾತು ಯಾಕೆ ಪದೇಪದೇ ಎತ್ತುತ್ತಿದ್ದೇನೆ ಎನ್ನುವುದಕ್ಕೆ ಒಂದೇ ದೇಶದ, ಒಂದೇ ವರ್ಷದ ಎರಡು ಅಂಕಿ ನೋಡಿ. 2024ರಲ್ಲಿ ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ 457 ಗಂಟೆಗಳ ಕಾಲ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗಿತ್ತು, ಅಂದರೆ ತೆಗೆದುಕೊಂಡವರಿಗೇ ಹಣ. ಅದೇ ವರ್ಷದ ಡಿಸೆಂಬರ್ 12ರಂದು, ಮೋಡ ಕವಿದು ಗಾಳಿಯೂ ನಿಂತ ಸಂಜೆ, ಮೆಗಾವಾಟ್-ಗಂಟೆಗೆ ಬೆಲೆ 936 ಯೂರೊ ಮುಟ್ಟಿತು. ಸೌರ ಅಗ್ಗವೋ ದುಬಾರಿಯೋ ಎಂದು ಕೇಳಿದರೆ ಎರಡಕ್ಕೂ ಸಾಕ್ಷಿ ಅಲ್ಲೇ ಸಿಗುತ್ತದೆ. ಹೇರಳವಾದ ಮಧ್ಯಾಹ್ನವನ್ನು ಕೊರತೆಯ ಸಂಜೆಗೆ ಸಾಗಿಸುವುದು ಹೇಗೆ ಎಂಬುದೇ ಈಗಿನ ಕೆಲಸ.

ಫಲಕ ತನ್ನ ತಯಾರಿಕೆಯ ಶಕ್ತಿಯನ್ನು ಹಿಂದಿರುಗಿಸುವುದಿಲ್ಲ ಎಂಬ ಮಾತು ಹಳೆಯದು, ಈಗ ಸುಳ್ಳು. ಇಂದಿನ ಸಿಲಿಕಾನ್ ಫಲಕ ಬಿಸಿಲಿನ ಪ್ರಮಾಣ ನೋಡಿಕೊಂಡು ಸುಮಾರು ಒಂದರಿಂದ ಎರಡು ವರ್ಷದಲ್ಲಿ ಅದನ್ನು ತೀರಿಸುತ್ತದೆ. ಆಮೇಲೆ 25-30 ವರ್ಷದ ಆಯಸ್ಸಿನ ಉಳಿದ ಭಾಗವೆಲ್ಲ ಲಾಭ. ಗಣಿಯಿಂದ ಗುಜರಿಯವರೆಗಿನ ಎಲ್ಲ ಹಂತ ಸೇರಿಸಿ ನೋಡಿದರೆ ಒಂದು ಯೂನಿಟ್ಟಿಗೆ ಕಲ್ಲಿದ್ದಲು ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲಗಳನ್ನು ಬಿಡುತ್ತದೆ, ಸೌರ 40-50, ಗಾಳಿ ಮತ್ತು ಪರಮಾಣು 11-12. ಇವು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ಮಧ್ಯಮ ಅಂಕಿಗಳು.

ಸ್ಪೇನಿನ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕು, ಯಾಕೆಂದರೆ ನಿಮ್ಮ ಸ್ನೇಹಿತರು ಎತ್ತಿದ ಆಕ್ಷೇಪಗಳಲ್ಲಿ ಗಂಭೀರವಾದದ್ದು ಇದೇ. 2025ರ ಏಪ್ರಿಲ್ 28ರಂದು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವು. ಆಗ ಸೌರ ಉತ್ಪಾದನೆ ಹೇರಳವಾಗಿತ್ತು, ಹಾಗಾಗಿ ಅನುಮಾನ ಅದರ ಮೇಲೆ ಬಿದ್ದದ್ದು ಸಹಜ. ಆದರೆ ಅಂದು ಕೊರತೆಯಿದ್ದದ್ದು ಕರೆಂಟಿಗಲ್ಲ. ವೋಲ್ಟೇಜ್ ಮಿತಿ ಮೀರಿ ಏರಿತು. ವೋಲ್ಟೇಜ್ ಎಂದರೆ ನೀರಿನ ಕೊಳವೆಯಲ್ಲಿ ಒತ್ತಡ ಇದ್ದ ಹಾಗೆ: ಕಡಿಮೆಯಾದರೆ ನಲ್ಲಿಯಲ್ಲಿ ನೀರು ಬಾರದು, ಹೆಚ್ಚಾದರೆ ಕೊಳವೆ ಒಡೆಯುತ್ತದೆ. ಒಡೆಯದಿರಲೆಂದು ಸ್ಥಾವರಗಳು ತಾವೇ ಸಂಪರ್ಕ ಕಡಿದುಕೊಳ್ಳುತ್ತವೆ. ಒಂದು ಕಳಚಿದಾಗ ಒತ್ತಡ ಇನ್ನಷ್ಟು ಏರಿ ಮತ್ತೊಂದು ಕಳಚುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಇಡೀ ಜಾಲ ಬಿದ್ದುಹೋಗುತ್ತದೆ.

ಆ ಒತ್ತಡವನ್ನು ಹಿಡಿತದಲ್ಲಿಡುವುದು ಯಾರ ಕೆಲಸವಾಗಿತ್ತು? ಸ್ಪೇನ್ ಸರ್ಕಾರ ಜೂನ್‌ನಲ್ಲಿ ಹೊರತಂದ ವರದಿ, ವೋಲ್ಟೇಜ್ ನಿಯಂತ್ರಿಸುವ ಸಾಮರ್ಥ್ಯವೇ ಅಂದು ಸಾಲದಾಯಿತು ಎಂದಿತು. ಆ ಹೊಣೆ ಹೊತ್ತಿದ್ದ ಸಾಂಪ್ರದಾಯಿಕ ಸ್ಥಾವರಗಳು ವೋಲ್ಟೇಜನ್ನು ಬೇಕಾದಷ್ಟು ತಗ್ಗಿಸಲಿಲ್ಲ. ಸೌರ ಸ್ಥಾವರಗಳ ಇನ್ವರ್ಟರುಗಳಿಗೆ (ಫಲಕದ ಕರೆಂಟನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ ಉಪಕರಣ) ತಾಂತ್ರಿಕವಾಗಿ ಆ ಕೆಲಸ ಸಾಧ್ಯವಿದ್ದರೂ ಅಲ್ಲಿನ ಹಳೆಯ ನಿಯಮ ಅವುಗಳಿಂದ ಅದನ್ನು ಕೇಳುತ್ತಿರಲಿಲ್ಲ. ನನ್ನಂಥ ಜಾಲದ ಕೆಲಸಗಾರರಿಗೆ ಇದು ನಡುಕ ಹುಟ್ಟಿಸುವ ಸಂಗತಿ: ಯಂತ್ರಗಳು ಹತ್ತೇ ವರ್ಷದಲ್ಲಿ ಬದಲಾಗಿದ್ದವು, ನಿಯಮಪುಸ್ತಕ ಬದಲಾಗಿರಲಿಲ್ಲ. ಹಿಂದೆ ದೊಡ್ಡ ಟರ್ಬೈನುಗಳು ತಿರುಗುತ್ತಲೇ ಆವರ್ತನವನ್ನೂ (ಕರೆಂಟ್ ಸೆಕೆಂಡಿಗೆ ಇಂತಿಷ್ಟು ಸಲ ಹಿಂದೆಮುಂದೆ ಹರಿಯುವ ಲಯ) ವೋಲ್ಟೇಜನ್ನೂ ತಾವಾಗಿ ಕಾಯುತ್ತಿದ್ದವು. ಯಾರೂ ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟಿರಲಿಲ್ಲ. ಆ ಟರ್ಬೈನುಗಳು ನಿಂತಾಗ ಅದೇ ಸೇವೆಯನ್ನು ಬೇರೆ ಉಪಕರಣದಿಂದ ಬೆಲೆ ಕೊಟ್ಟು ಪಡೆಯಬೇಕು.

ಅದು ಆಗದ ಕೆಲಸವೇನಲ್ಲ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾಗಿತ್ತು. ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿದವು, ಗಾಳಿಯಂತ್ರಗಳ ರಕ್ಷಣಾ ವ್ಯವಸ್ಥೆಯ ತಪ್ಪು ಹೊಂದಾಣಿಕೆಯಿಂದ ಅವೂ ಕಳಚಿಕೊಂಡವು. ಆಮೇಲೆ ಅಲ್ಲಿನವರು ಗಾಳಿಯಂತ್ರ ಕಿತ್ತುಹಾಕಲಿಲ್ಲ. ಹೊಂದಾಣಿಕೆ ಸರಿಪಡಿಸಿದರು, 2017ರಲ್ಲಿ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವಾಟ್ ಬ್ಯಾಟರಿ ನಿಲ್ಲಿಸಿದರು, ಆವರ್ತನ ಕಾಯಲು ಖಾಲಿ ತಿರುಗುವ ಭಾರಿ ಯಂತ್ರಗಳನ್ನು ಹಾಕಿದರು. ಇಂದು ಅಲ್ಲಿನ ಕರೆಂಟಿನಲ್ಲಿ ಸುಮಾರು ಶೇ. 70 ಗಾಳಿ-ಬಿಸಿಲಿನದು. ಕತ್ತಲಾಗುವುದು ಒಂದೇ ಇಂಧನದ ಕಾಯಿಲೆಯೂ ಅಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿದಾಗ ಅತಿ ಹೆಚ್ಚು ಕೈಕೊಟ್ಟದ್ದು ಅನಿಲದ ಬಾವಿ, ಕೊಳವೆ, ಸ್ಥಾವರಗಳು. ಅಧಿಕೃತ ಲೆಕ್ಕದ ಪ್ರಕಾರವೇ 246 ಜನ ಸತ್ತರು.

ಈಗ ಮಗಳ ಮಾತಿಗೆ ಬರೋಣ. ಅವಳ ಆತುರ ನನಗೆ ಅರ್ಥವಾಗುತ್ತದೆ, ದಿಕ್ಕೂ ಸರಿಯಿದೆ. ಲೆಕ್ಕದಲ್ಲಿ ಮಾತ್ರ ಎಡವಿದ್ದಾಳೆ. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಸುಮಾರು ಶೇ. 32, ಅದರಲ್ಲೂ ಜಲವಿದ್ಯುತ್ತಿನ ಪಾಲೇ ಎಲ್ಲಕ್ಕಿಂತ ದೊಡ್ಡದು. ಕಲ್ಲಿದ್ದಲು ಇನ್ನೂ ಮೂರನೇ ಒಂದು ಭಾಗ ಹಿಡಿದುಕೊಂಡಿದೆ. ಇಷ್ಟಾಗಿ ನಾವು ಅಂತಿಮವಾಗಿ ಬಳಸುವ ಒಟ್ಟು ಶಕ್ತಿಯಲ್ಲಿ ವಿದ್ಯುತ್ ಐದನೇ ಒಂದು ಭಾಗವಷ್ಟೆ. ಲಾರಿ, ಹಡಗು, ವಿಮಾನ, ಸಿಮೆಂಟ್, ಉಕ್ಕು, ರಸಗೊಬ್ಬರ ಎಲ್ಲ ಆಚೆಗಿನವು. ಐದು ವರ್ಷ ಯಾವ ಲೆಕ್ಕಕ್ಕೂ ಸಾಲದು.

ಮನಸ್ಸಿದ್ದರೆ ಎಷ್ಟು ಬೇಗ ಸಾಧ್ಯ ಎಂಬುದಕ್ಕೆ ಬ್ರಿಟನ್ ಒಳ್ಳೆಯ ಅಳತೆ. 2012ರಲ್ಲಿ ಅಲ್ಲಿನ ಕರೆಂಟಿನಲ್ಲಿ ಸುಮಾರು ಶೇ. 40 ಕಲ್ಲಿದ್ದಲಿನದು. 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರ ನಿಂತಿತು. ಹನ್ನೆರಡು ವರ್ಷ. ಬೆನ್ನಿಗೆ ಅನಿಲ, ನೆರೆದೇಶಗಳಿಂದ ಬರುವ ಕೇಬಲ್ ಎರಡೂ ಇದ್ದವು ಎಂಬುದನ್ನು ಮರೆಯಬಾರದು.

ತಡವಾಗುತ್ತಿರುವುದು ಫಲಕ ಸಿಗದೆ ಅಲ್ಲ. ಸೌರ ಸ್ಥಾವರ ಕಟ್ಟಲು ಒಂದೆರಡು ವರ್ಷ ಸಾಕಾದರೆ ಅದರಿಂದ ಕರೆಂಟ್ ಒಯ್ಯುವ ದೊಡ್ಡ ಮಾರ್ಗಕ್ಕೆ ಜಮೀನು, ಅನುಮತಿ, ಮೊಕದ್ದಮೆ ಸೇರಿ ಐದರಿಂದ ಹದಿನೈದು ವರ್ಷ ಹಿಡಿಯುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಂತೆ ಕನಿಷ್ಠ 3,000 ಗಿಗಾವಾಟ್‌ನಷ್ಟು ಯೋಜನೆಗಳು ಜಾಲದ ಸಂಪರ್ಕಕ್ಕಾಗಿ ಸಾಲಿನಲ್ಲಿ ನಿಂತಿದ್ದವು. ಅದೇ ವರ್ಷ ದುಬೈ ಹವಾಮಾನ ಸಮ್ಮೇಳನದಲ್ಲಿ 2030ಕ್ಕೆ ನವೀಕರಿಸಬಹುದಾದ ವಿದ್ಯುತ್ತಿನ ಸಾಮರ್ಥ್ಯ ಮೂರು ಪಟ್ಟು ಮಾಡುತ್ತೇವೆಂದು ಒಪ್ಪಿದ ಸರ್ಕಾರಗಳು ತಂತಿಗೂ ಅಷ್ಟೇ ಹಣ, ಅಷ್ಟೇ ಗಮನ ಕೊಟ್ಟಿದ್ದರೆ ನಾನು ಹೆಚ್ಚು ನೆಮ್ಮದಿಯಿಂದ ಇರುತ್ತಿದ್ದೆ.

ಮಗಳ ಪರವಾಗಿ ಒಂದು ಮಾತಿದೆ, ಅದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಈಗ ಉರಿಸುತ್ತಿರುವ ಇಂಧನದ ಶಕ್ತಿಯನ್ನೆಲ್ಲ ಒಂದಕ್ಕೊಂದು ಸಮನಾಗಿ ತುಂಬಬೇಕಿಲ್ಲ. ಕಲ್ಲಿದ್ದಲು ಸ್ಥಾವರದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಶಾಖವಾಗಿ ಆಕಾಶಕ್ಕೆ ಹೋಗುತ್ತದೆ. ಪೆಟ್ರೋಲ್ ಕಾರಿನಲ್ಲಿ ನಾಲ್ಕನೇ ಒಂದು ಭಾಗವಷ್ಟೇ ಚಕ್ರ ತಲುಪುತ್ತದೆ. ವಿದ್ಯುತ್ ಕಾರಿನಲ್ಲಿ ಮುಕ್ಕಾಲಿಗೂ ಹೆಚ್ಚು. ಹೊರಗಿನ ಗಾಳಿಯ ಶಾಖವನ್ನು ಮನೆಯೊಳಕ್ಕೆ ಎಳೆದು ತರುವ ಹೀಟ್ ಪಂಪು ಒಂದು ಯೂನಿಟ್ ಕರೆಂಟ್ ತೆಗೆದುಕೊಂಡು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಹೀಗಾಗಿ ತುಂಬಬೇಕಾದ ಹಳ್ಳ ಹೊರಗಿನಿಂದ ಕಾಣುವಷ್ಟು ಆಳವಿಲ್ಲ.

ಸಂಜೆಯನ್ನು ತುಂಬುವ ದಾರಿಗಳೇನು? ಬ್ಯಾಟರಿ ಈಗ ನಿಜವಾದ ಆಯ್ಕೆ. ಲಿಥಿಯಂ ಬ್ಯಾಟರಿಯ ಬೆಲೆಯೂ 2010ರಿಂದ ಶೇ. 90ರ ಆಸುಪಾಸು ಇಳಿದಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಏಪ್ರಿಲ್‌ನ ಕೆಲವು ಸಂಜೆ ಸ್ವಲ್ಪ ಹೊತ್ತು ಜಾಲಕ್ಕೆ ಅತಿ ಹೆಚ್ಚು ಕರೆಂಟ್ ಕೊಟ್ಟದ್ದು ಬ್ಯಾಟರಿಗಳೇ. ಆದರೆ ಇವು ಸಾಮಾನ್ಯವಾಗಿ ನಾಲ್ಕು ಗಂಟೆಯ ಉಪಕರಣ. ಸಂಜೆಯನ್ನು ದಾಟಿಸುತ್ತವೆ, ಗಾಳಿ-ಬಿಸಿಲಿಲ್ಲದ ವಾರವನ್ನಲ್ಲ. ಆ ವಾರಕ್ಕೆ ಅಣೆಕಟ್ಟು, ಮೇಲಿನ ಕೆರೆಗೆ ನೀರೆತ್ತಿ ಮತ್ತೆ ಹರಿಸುವ ಪಂಪ್ಡ್ ಸ್ಟೋರೇಜ್, ದೂರದ ಪ್ರದೇಶಗಳನ್ನು ಬೆಸೆಯುವ ಮಾರ್ಗ, ಪರಮಾಣು, ಇಲ್ಲವೇ ಅಪರೂಪಕ್ಕೆ ಉರಿಸುವ ಅನಿಲ ಬೇಕು. ಪ್ರತಿಯೊಂದಕ್ಕೂ ತಾಪತ್ರಯವಿದೆ. ಪರಮಾಣು ವಿದ್ಯುತ್ ಸ್ಥಿರ, ಸ್ವಚ್ಛ, ಆದರೆ ಫ್ರಾನ್ಸಿನ ಫ್ಲಾಮನ್‌ವಿಲ್‌ನಲ್ಲಿ 2007ರಲ್ಲಿ ಕೆಲಸ ಶುರುವಾದ ರಿಯಾಕ್ಟರ್ ಜಾಲ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. ಅನಿಲದಲ್ಲಿ ಬೆಲೆಯ ಅಪಾಯ ಹಾಗೇ ಉಳಿಯುತ್ತದೆ, ಮೀಥೇನ್ ಸೋರಿಕೆಯದು ಬೇರೆ. ಅಣೆಕಟ್ಟು ಬರಗಾಲಕ್ಕೆ ಸೋಲುತ್ತದೆ.

ಚೀನಾದ ಮೇಲಿನ ಅವಲಂಬನೆಯೂ ಸಣ್ಣದಲ್ಲ. ಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಶೇ. 80ಕ್ಕೂ ಹೆಚ್ಚು ಅದರ ಕೈಯಲ್ಲಿದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಅನಿಲ ಬರುವುದು ನಿಂತರೆ ನಾಳೆಯೇ ದೀಪ ಆರುತ್ತದೆ. ಫಲಕ ಬರುವುದು ನಿಂತರೆ ಹೊಸ ಸ್ಥಾವರ ನಿಧಾನವಾಗುತ್ತದೆ, ಹಾಕಿದ್ದು ಇನ್ನೂ ಇಪ್ಪತ್ತು ವರ್ಷ ನಡೆಯುತ್ತದೆ.

ಕೊನೆಗೆ ನಿಮ್ಮ ಮನೆಯ ವಿಷಯ. ಕಾಯುವುದರಿಂದ ಹೆಚ್ಚು ಸಿಗುವುದಿಲ್ಲ. ಫಲಕ ಈಗಾಗಲೇ ಬಹಳ ಅಗ್ಗ. ಚೌಕಟ್ಟು, ವೈರಿಂಗ್, ಕೂಲಿ, ಅನುಮತಿಯ ಖರ್ಚು ಕಾದರೆ ಇಳಿಯುವಂಥದ್ದಲ್ಲ. ಬ್ಯಾಟರಿಯನ್ನು ಮಾತ್ರ ಮುಂದೂಡಬಹುದು. ಅದಕ್ಕೆ ಮೊದಲೇ ಹೈಬ್ರಿಡ್ ಇನ್ವರ್ಟರ್ (ಫಲಕ, ಬ್ಯಾಟರಿ ಎರಡನ್ನೂ ಜೋಡಿಸಬಹುದಾದದ್ದು) ಹಾಕಿಸಿಕೊಂಡರೆ ಮುಂದೆ ಬ್ಯಾಟರಿ ಸೇರಿಸುವುದು ಸುಲಭ. ಹಲವರು ಮೋಸಹೋಗುವ ಸಂಗತಿ ಒಂದಿದೆ: ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಉರಿಬಿಸಿಲಿದ್ದರೂ. ಕಂಬದ ಮೇಲೆ ದುರಸ್ತಿಗೆ ಹತ್ತಿದವರ ಜೀವ ಉಳಿಯಲೆಂದು ಇರುವ ನಿಯಮ ಅದು. ಕರೆಂಟ್ ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಬೇಕೇಬೇಕು.

ನೀವು ಜಾಲಕ್ಕೆ ಕೊಡುವ ಯೂನಿಟ್ಟಿಗೆ ಈಗ ಸಿಗುವ ದರ ಹಾಗೇ ಉಳಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಲ್ಲಿ ಹೊಸ ಗ್ರಾಹಕರಿಗೆ ಆ ದರವನ್ನು ಸುಮಾರು ಮುಕ್ಕಾಲು ಭಾಗ ಇಳಿಸಿತು. ಪಾಕಿಸ್ತಾನಕ್ಕೆ 2024 ಒಂದರಲ್ಲೇ ಸುಮಾರು 17 ಗಿಗಾವಾಟ್ ಫಲಕ ಆಮದಾಯಿತು. ಉಳ್ಳವರು ಜಾಲದಿಂದ ಕೊಳ್ಳುವುದು ಕಡಿಮೆ ಮಾಡಿದಂತೆ ತಂತಿ-ಸ್ಥಾವರಗಳ ಖರ್ಚು ಉಳಿದವರ ತಲೆಗೆ ಬೀಳುತ್ತಿದೆ. ನಿಯಮ ಎಲ್ಲೆಡೆ ಬಿಗಿಯಾಗುವ ಸಂಭವವೇ ಹೆಚ್ಚು. ಆದ್ದರಿಂದ ಹಗಲಿನಲ್ಲಿ ನೀವೇ ಬಳಸಿಕೊಳ್ಳುವಷ್ಟು ಸಾಮರ್ಥ್ಯ ಹಾಕಿಸಿ; ನೀರು ಕಾಯಿಸುವುದು, ಪಂಪು, ಬಟ್ಟೆ ಒಗೆಯುವ ಯಂತ್ರ ಮಧ್ಯಾಹ್ನಕ್ಕೆ ತಂದರೆ ಅಷ್ಟರಮಟ್ಟಿಗೆ ಬ್ಯಾಟರಿಯ ಖರ್ಚು ಉಳಿಯುತ್ತದೆ. ದೊಡ್ಡ ಸಾಲ ಮಾಡಬೇಡಿ.

ಫಲಕಕ್ಕಿಂತ ಕೆಲಸಗಾರನನ್ನು ಹೆಚ್ಚು ಪರೀಕ್ಷಿಸಿ. ಮೇಲ್ಛಾವಣಿಯ ಬೆಂಕಿ ಅವಘಡಗಳು ಹೆಚ್ಚಾಗಿ ಶುರುವಾಗುವುದು ಸರಿಯಾಗಿ ಬಿಗಿಯದ ಕನೆಕ್ಟರುಗಳಲ್ಲಿ. ಅರ್ಥಿಂಗ್, ಸಿಡಿಲಿನ ರಕ್ಷಣೆ, ಛಾವಣಿ ತಾಳುವ ಭಾರ, ಮಧ್ಯಾಹ್ನದ ನೆರಳು ಇವನ್ನು ಬರವಣಿಗೆಯಲ್ಲಿ ಪಡೆಯಿರಿ. ಫಲಕಕ್ಕೆ 25 ವರ್ಷದ ಖಾತರಿ ಕೊಟ್ಟರೂ ಇನ್ವರ್ಟರ್ ಹತ್ತು-ಹದಿನೈದು ವರ್ಷಕ್ಕೆ ಬದಲಾಯಿಸಬೇಕಾಗುತ್ತದೆ, ಆ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಮೀಟರ್ ಗಂಟೆವಾರು ಬಳಕೆ ದಾಖಲಿಸುವಂಥದ್ದಾದರೆ ಒಂದು ಬೇಸಿಗೆ ತಿಂಗಳಿನದೂ ಒಂದು ಮಳೆಗಾಲದ್ದೂ ತೆಗೆದು ಕಳುಹಿಸಿ. ಎಷ್ಟು ಕಿಲೋವಾಟ್ ಸಾಕು, ಬ್ಯಾಟರಿ ಬೇಕೇ ಬೇಡವೇ ಎಂದು ಆ ಲೆಕ್ಕ ನೋಡಿಯೇ ಹೇಳುತ್ತೇನೆ.